ಇನ್ನೂರ ಹನ್ನೆರಡರ ನಂತರದ ಪುಟಗಳು

ಬೂದು ಬಣ್ಣ ಬಳಿದ ಎರಡು ತಗಡಿನ ತುಂಡುಗಳನ್ನು ಬಣ್ಣ ಹೋಲಿಸುವ ಲೈಟ್ ಬಾಕ್ಸಿನೊಳಗೆ ಪಕ್ಕಪಕ್ಕ ಇಟ್ಟುಕೊಂಡು ವಸಂತಕುಮಾರ ಇಪ್ಪತ್ತು ನಿಮಿಷದಿಂದ ದಿಟ್ಟಿಸುತ್ತಿದ್ದ. ಎಡಗಡೆಯದು ಮೂಲ, ಬಲಗಡೆಯದು ನಿನ್ನೆ ಸಂಜೆ ತಯಾರಾದ ಬ್ಯಾಚಿನದು. ಬಲಗಡೆಯದು ಎಡಗಡೆಯದರ ಹಾಗೇ ಇದೆಯೋ ಇಲ್ಲವೋ ಎಂದು ಹೇಳುವುದಷ್ಟೇ ಅವನ ಕೆಲಸ. ಮೂಲವೇ ಚೆನ್ನಾಗಿದೆಯೇ ಎಂದು ಅಂಬರನಾಥದ ಆ ಪೇಂಟು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷದಲ್ಲಿ ಯಾರೂ ಅವನನ್ನು ಕೇಳಿರಲಿಲ್ಲ, ಅವನೂ ಕೇಳಿಕೊಂಡಿರಲಿಲ್ಲ. ಉಳಿದವರಿಗೆ ಒಂದೇ ಆಗಿ ಕಾಣುವ ಎರಡು ಬಿಳಿಗಳ ನಡುವೆ ಒಂದು ಹನಿ ಹಳದಿ ಹೆಚ್ಚಾಗಿದೆ ಎಂದು ಹೇಳಬಲ್ಲ ಕಣ್ಣು ಅವನದು ಎಂದು ಕಾರ್ಖಾನೆಯಲ್ಲಿ ಹೆಸರಿತ್ತು. ಇವತ್ತು ಶನಿವಾರ ಮಾತ್ರ ಆ ಕಣ್ಣು ಕೈಕೊಟ್ಟಿತ್ತು. ನೋಡುತ್ತ ನೋಡುತ್ತ ಎರಡು ತುಂಡುಗಳೂ ಆಲೂಗಡ್ಡೆ ಸಿಪ್ಪೆಯ ಬಣ್ಣಕ್ಕೆ ತಿರುಗುತ್ತಿದ್ದವು. ಅವನು ಕಣ್ಣು ಮುಚ್ಚಿದ. ಮುಚ್ಚಿದ ರೆಪ್ಪೆಯೊಳಗೂ ಒಂದು ಆಲೂಗಡ್ಡೆ ತೇಲಿಹೋಯಿತು.

ಎಲ್ಲ ಶುರುವಾದದ್ದು ಆ ಆಲೂಗಡ್ಡೆಯಿಂದಲೇ. ಹತ್ತು ದಿನದ ಹಿಂದೆ ಡೊಂಬಿವ್ಲಿಯ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಮಗಳು ನಿಕಿತಾ ಮೊಬೈಲನ್ನು ಅವನ ಮೂಗಿನ ಹತ್ತಿರ ಹಿಡಿದಿದ್ದಳು. 'ಶನಿಯಾಚೆಯ ಅಂಚೆ' ಕಾದಂಬರಿಯ ಹಿಂದಿ ಸಿನಿಮಾದ ಎರಡನೇ ಭಾಗ ಬರುತ್ತಿತ್ತು, ಅದರ ಟ್ರೇಲರು. ಮೊದಲ ಭಾಗ ನೋಡಿ ಇಡೀ ಡೊಂಬಿವ್ಲಿಯ ಕನ್ನಡಿಗರು ಕಣ್ಣೊರೆಸಿಕೊಂಡು ಬಂದಿದ್ದರು. ಅಂಚೆಯವ ಐತಪ್ಪ ಸತುವಿನ ಡಬ್ಬಿಯಲ್ಲಿ ಮೊಹರು ಹಾಕಿದ ಒಂದೇ ಒಂದು ರಿಜಿಸ್ಟರ್ ಕಾಗದ ಹಿಡಿದುಕೊಂಡು, ಹೆಂಡತಿ ಮಕ್ಕಳನ್ನು ಬಿಟ್ಟು, ಶನಿಗ್ರಹದಾಚೆಯ ಚಂದ್ರನೊಂದರ ಮೇಲೆ ಇಳಿದು, ಅಲ್ಲಿ ಮುಚ್ಚಿದ್ದ ಒಂದೇ ಬಾಗಿಲನ್ನು ತಟ್ಟುವುದರೊಂದಿಗೆ ಆ ಭಾಗ ಮುಗಿದಿತ್ತು. ಟ್ರೇಲರಿನಲ್ಲಿ ಆ ಬಾಗಿಲು ತೆರೆಯಿತು. ಹಿಂದಿನಿಂದ ಗುಂಡಗಿನ, ಕಂದು ಬಣ್ಣದ, ಮೈತುಂಬ ಗಂಟುಗಂಟಾದ ಸಾವಿರಾರು ಜೀವಿಗಳು ಉರುಳುತ್ತ ಹೊರಬಂದವು.

"ಪಪ್ಪಾ, ಬುಕ್ ಮೇ ಆಲೂ ಥೇ ಕ್ಯಾ?" ಎಂದು ಕೇಳಿದಳು ನಿಕಿತಾ. ಅವಳಿಗೆ ಕನ್ನಡ, ತುಳು ಎರಡೂ ಅರ್ಥವಾಗುತ್ತಿತ್ತು. ಉತ್ತರ ಬರುವುದು ಮಾತ್ರ ಹಿಂದಿಯಲ್ಲಿ.

"ಛೆ! ಕಾದಂಬರಿಯಲ್ಲಿ ಆಲೂಗಡ್ಡೆ ಇಲ್ಲವೇ ಇಲ್ಲ. ಇದು ಅನ್ಯಾಯ," ಎಂದುಬಿಟ್ಟಿದ್ದ ಅವನು, ಬಾಯೊಳಗಿನ ತುತ್ತನ್ನೂ ನುಂಗದೆ.

ಯಾಕೆ ಹೇಳಿದ? ಗೊತ್ತಿಲ್ಲ ಎಂದಿದ್ದರೆ ಆಗುತ್ತಿತ್ತು. ಮರೆತುಹೋಗಿದೆ ಎನ್ನಲು ಐವತ್ತೆಂಟು ವರ್ಷ ವಯಸ್ಸೇ ಸಾಕ್ಷಿ ಇತ್ತು. ಆದರೆ ಆ ಕಾದಂಬರಿಯ ತಜ್ಞನೆಂದು ಹೆಸರಾದವನ ಬಾಯಿಗೆ 'ಗೊತ್ತಿಲ್ಲ' ಎಂಬ ಮಾತು ಬರುವುದಿಲ್ಲ. ಹೆಂಡತಿ ಹರಿಣಾಕ್ಷಿ ಆ ಮಾತನ್ನು ಮರುದಿನ ಭಜನೆಗೆ ಒಯ್ದಳು. "ನಮ್ಮವರು ಹೇಳ್ತಾರೆ, ಪುಸ್ತಕದಲ್ಲಿ ಒಂದು ಬಟಾಟೆಯೂ ಇಲ್ವಂತೆ." ಭಜನೆಯಿಂದ ಅದು ಕನ್ನಡ ಸಂಘಕ್ಕೆ ಹೋಯಿತು. ಸಂಘದ ಕಾರ್ಯದರ್ಶಿ ಸುದರ್ಶನ, ಕಲ್ಯಾಣ ಸ್ಟೇಷನ್ನಿನ ಹತ್ತಿರ ಹೋಟೆಲು ನಡೆಸುವವನು, ದಿನಕ್ಕೊಂದು ಖಂಡನಾ ನಿರ್ಣಯ ಮಾಡದಿದ್ದರೆ ಊಟ ಸೇರದ ಮನುಷ್ಯ, ನಿನ್ನೆ ಫೋನು ಮಾಡಿ ಒಂದೇ ಉಸಿರಿಗೆ ಹೇಳಿದ್ದ: "ವಸಂತಣ್ಣ, ಭಾನುವಾರ ಮಧ್ಯಾಹ್ನದ ಆಟಕ್ಕೆ ಕಲ್ಯಾಣದಲ್ಲಿ ನಲವತ್ತು ಸೀಟು ಹೇಳಿದ್ದೇನೆ. ಆಟ ಬಿಟ್ಟ ಕೂಡಲೇ ಎಲ್ಲರೂ ನನ್ನ ಹೋಟೆಲಿನ ಮೇಲಿನ ಹಾಲಿಗೆ. ನೀವು ತೀರ್ಪು ಕೊಡಬೇಕು. ಖಂಡನಾ ನಿರ್ಣಯ ಟೈಪಾಗಿದೆ, ನಿಮ್ಮದು ಸಹಿ ಮಾತ್ರ ಬಾಕಿ. ಮತ್ತೆ ಠಾಣೆಯ ಜಲಜಾಕ್ಷಿ ಟೀಚರೂ ಬರ್ತಾರಂತೆ. ಅವರ ಹತ್ರ ಆ ಪುಸ್ತಕ ಉಂಟಂತೆ ಮಾರಾಯ್ರೆ, ಪೂರ್ತಿ!"

ಪೂರ್ತಿ. ಆ ಒಂದು ಮಾತಿಗೆ ವಸಂತಕುಮಾರ ರಾತ್ರಿಯಿಡೀ ಎದ್ದು ಕೂತಿದ್ದ. ಯಾಕೆಂದರೆ ವಸಂತಕುಮಾರ 'ಶನಿಯಾಚೆಯ ಅಂಚೆ'ಯನ್ನು ಪೂರ್ತಿ ಓದಿರಲಿಲ್ಲ. ಓದಿದ್ದು ಸಂಘದ ಪ್ರತಿ. ಅದರಲ್ಲಿ ಇದ್ದದ್ದು ಇನ್ನೂರ ಹನ್ನೆರಡು ಪುಟ. ಐತಪ್ಪ ಬಾಗಿಲು ತಟ್ಟುತ್ತಾನೆ, ಒಳಗಿನಿಂದ ಏನೋ ಸಪ್ಪಳ, ಪುಟ ತಿರುಗಿಸಿದರೆ 'ಆದ್ದರಿಂದ ಫಲ ಬರುವ ಗಿಡಕ್ಕೆ ವರ್ಷಕ್ಕೆ ಎರಡು ಸಲ ಗೊಬ್ಬರ ಕೊಡತಕ್ಕದ್ದು'. ಬೈಂಡು ಮಾಡುವವನು ಅಲ್ಲಿಂದ ಮುಂದೆ ತೆಂಗಿನ ಕೃಷಿಯ ಪುಸ್ತಿಕೆಯೊಂದನ್ನು ಸೇರಿಸಿ ಹೊಲಿದುಬಿಟ್ಟಿದ್ದ. ಮೊದಲ ಸಲ ಓದಿದಾಗ ವಸಂತಕುಮಾರ ಅದೂ ಕಾದಂಬರಿಯ ಒಂದು ತಂತ್ರವಿರಬೇಕೆಂದು ಭಾವಿಸಿ, ಕಪ್ಪು ತಲೆ ಹುಳುವಿನ ಹತೋಟಿಯವರೆಗೆ ಭಕ್ತಿಯಿಂದ ಓದಿದ್ದ. ಬೇರೆ ಪ್ರತಿಗೆ ಹುಡುಕಿದ್ದ, ಮರುಮುದ್ರಣ ಆಗಿರಲಿಲ್ಲ. ಲೇಖಕರು ತೀರಿಕೊಂಡಿದ್ದರು. ಅಷ್ಟಕ್ಕೇ ಬಿಟ್ಟಿದ್ದರೆ ಅವನು ಒಬ್ಬ ಸಾಧಾರಣ ಓದುಗನಾಗಿ ಉಳಿಯುತ್ತಿದ್ದ. ಆದರೆ ತೊಂಬತ್ತಾರರ ಗಣೇಶೋತ್ಸವದ ಆ ಮಧ್ಯಾಹ್ನ ನಾಟಕದವರ ಗಾಡಿ ಮುಂಬ್ರಾದ ಹತ್ತಿರ ಕೆಟ್ಟು ನಿಂತಿತು.

ಪೆಂಡಾಲಿನಲ್ಲಿ ಮುನ್ನೂರು ಜನ. ಸಂಘದ ಆಗಿನ ಅಧ್ಯಕ್ಷರು ಅವನ ಬೆನ್ನಿಗೆ ಕೈಯಿಟ್ಟು, "ನೀನು ಓದುವವ ಅಲ್ವ, ಹತ್ತು ನಿಮಿಷ ಎಂಥದಾದರೂ ಹೇಳು," ಎಂದು ವೇದಿಕೆಗೆ ದಬ್ಬಿದ್ದರು. ಅವನು ಐತಪ್ಪನ ಕಥೆ ಹಿಡಿದ. ಹತ್ತು ನಿಮಿಷ ಒಂದು ಗಂಟೆಯಾಯಿತು. ಮಕ್ಕಳು ಅಳು ನಿಲ್ಲಿಸಿದರು. ಅಡುಗೆಯವರು ಸೌಟು ಹಿಡಿದುಕೊಂಡೇ ಬಂದು ನಿಂತರು. ಐತಪ್ಪ ಬಾಗಿಲು ತಟ್ಟಿದ. ವಸಂತಕುಮಾರನ ಕಣ್ಣೆದುರು ತೆಂಗಿನ ಗಿಡ ಬಂತು. ಮುನ್ನೂರು ಮುಖಗಳು ಅವನ ಬಾಯನ್ನೇ ನೋಡುತ್ತಿದ್ದವು, ನಾಟಕದವರು ಇನ್ನೂ ಮುಂಬ್ರಾದಲ್ಲೇ ಇದ್ದರು. ಆಗ ಎಲ್ಲಿಂದ ಬಂತೋ: ಬಾಗಿಲು ತೆರೆಯಲೇ ಇಲ್ಲ ಎಂದ ಅವನು. ಐತಪ್ಪ ಆ ಬಾಗಿಲ ಮುಂದೆ ಹನ್ನೊಂದು ವರ್ಷ ಕೂತ, ಅಂಚೆಯ ಕಾನೂನು ಹಾಗೆ. ಕೊನೆಗೆ ಲಕೋಟೆಯ ಮೇಲೆ 'ಬಾಗಿಲು ಹಾಕಿದೆ' ಎಂದು ಬರೆದು, ಕಳುಹಿಸಿದವರಿಗೆ ವಾಪಸು ಕೊಡಲು ಭೂಮಿಗೆ ಹಿಂದಿರುಗಿದ. ಭೂಮಿಯಲ್ಲಿ ಆಗಲೇ ಅರವತ್ತೈದು ವರ್ಷ ಕಳೆದಿತ್ತು. ವಿಳಾಸ ಹುಡುಕಿಕೊಂಡು ಹೋಗಿ ಒಂದು ಮನೆಯ ಕದ ತಟ್ಟಿದರೆ ಎಪ್ಪತ್ತು ದಾಟಿದ ಮುದುಕಿಯೊಬ್ಬಳು ಕನ್ನಡಕ ಹುಡುಕುತ್ತ ಬಂದಳು. "ಇಲ್ಲಿ ಸಹಿ ಮಾಡಿ ಅಮ್ಮಾ," ಎಂದ ಐತಪ್ಪ. ಅವಳು ಸಹಿ ಮಾಡಿದಳು. ಐತಪ್ಪ ಸಹಿ ಓದಿದ. ಕಾಂಚನಾ. ಆರು ವರ್ಷದವಳಾಗಿದ್ದಾಗ ಬಿಟ್ಟುಹೋದ ಅವನ ಮಗಳು.

ಪೆಂಡಾಲಿನಲ್ಲಿ ಯಾರೋ ಬಿಕ್ಕಿದರು. ಆಮೇಲೆ ಎಲ್ಲರೂ ಬಿಕ್ಕಿದರು. ಊರಿನಿಂದ ಅಣ್ಣನ ಮನೆಗೆ ಬಂದಿದ್ದ ಇಪ್ಪತ್ತನಾಲ್ಕು ವರ್ಷದ ಹರಿಣಾಕ್ಷಿ ಎರಡನೇ ಸಾಲಿನಲ್ಲಿ ಕೂತು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಮಂಗಳೂರಿನ ಬ್ಯಾಂಕಿನವನ ಸಂಬಂಧ ಬೇಡವೆಂದು, "ಆ ಕಥೆ ಹೇಳಿದವರ ಕಣ್ಣೂ ಒದ್ದೆಯಾಗಿತ್ತು, ಅಂಥವರಾದರೆ ಆದೀತು," ಎಂದು ಅತ್ತಿಗೆಯ ಕಿವಿಯಲ್ಲಿ ಹೇಳಿದಳು. ಅವನ ಕಣ್ಣು ಒದ್ದೆಯಾದದ್ದು ಧೂಪದ ಹೊಗೆಗೆ ಎಂದು ಆಗ ಹೇಳಬಹುದಿತ್ತು. ಪೆಂಡಾಲಿಗೆ ಬಿದಿರು ಕಟ್ಟಲು ಬಂದಿದ್ದ ವಿಜಯಪುರದ ಹುಡುಗ ವಿಠಲ ಕಂಬಕ್ಕೆ ಒರಗಿ ಅತ್ತಿದ್ದ. ಏಳು ವರ್ಷದ ಮೇಲೆ ಮಗಳು ಹುಟ್ಟಿದಾಗ ಪೇಡೆ ಹಿಡಿದುಕೊಂಡು ಬಂದು, "ಕಾಂಚನಾ ಅಂತ ಇಟ್ಟೀನ್ರಿ ಸರ, ನಿಮ್ಮ ಪುಸ್ತಕದಾಗಿನ ಹೆಸರು," ಎಂದಿದ್ದ. ನಿಮ್ಮ ಪುಸ್ತಕ! ವಸಂತಕುಮಾರ ಇನ್ನೊಂದು ಪೇಡೆ ತೆಗೆದುಕೊಂಡಿದ್ದ. ಇಪ್ಪತ್ತೊಂಬತ್ತು ವರ್ಷದಲ್ಲಿ ಕಾದಂಬರಿಯ ತಜ್ಞನಾಗಿ ಅವನು ಹನ್ನೊಂದು ಸಲ ಭಾಷಣ ಮಾಡಿದ್ದ, ಎರಡು ಶಾಲು ಹೊದ್ದಿದ್ದ. ತೆಂಗಿನ ಕೃಷಿ ಸೇರಿದ ಆ ಪ್ರತಿಯನ್ನು 'ಜೀರ್ಣವಾಗಿದೆ, ನನ್ನಲ್ಲೇ ಇರಲಿ' ಎಂದು ಮನೆಯ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದ.

"ಸರ್, ಪಾಸ್ ಕ್ಯಾ?" ಲ್ಯಾಬಿನ ಹೊಸಬ ದಿಲೀಪ ಬಾಗಿಲಲ್ಲಿ ನಿಂತು ಕೇಳಿದ. ವಸಂತಕುಮಾರ ತಗಡುಗಳನ್ನು ನೋಡಿದ. "ಸೋಮವಾರ ಹೇಳ್ತೇನೆ," ಎಂದು ಅರ್ಧ ದಿನದ ರಜೆ ಬರೆದಿಟ್ಟು ಹೊರಟ. ಅಂಬರನಾಥದಿಂದ ಠಾಣೆಗೆ ಲೋಕಲ್ ಗಾಡಿಯಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಮೂವತ್ತೊಂದು ವರ್ಷದಲ್ಲಿ ನಾಲ್ಕನೆಯದೋ ಐದನೆಯದೋ ಸಲ. ಆ ಭಾಗ್ಯವನ್ನೂ ಅನುಭವಿಸಲಾಗಲಿಲ್ಲ.

ಜಲಜಾಕ್ಷಿ ಟೀಚರು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ತಲಾವ್ ಪಾಳಿ ಎಂಬ ಕೆರೆದಂಡೆಯ ಹಿಂದಿನ ಹಳೇ ಚಾಳಿನ ಎರಡನೇ ಮಾಳಿಗೆಯಲ್ಲಿ ಒಬ್ಬರೇ ಇದ್ದರು. ಚಾ ಕೊಟ್ಟು, ಎದುರಿಗೆ ಕೂತು, ನೋಟ್‌ಬುಕ್ಕು ತರದೆ ಬಂದ ಹುಡುಗನನ್ನು ನೋಡುವ ಹಾಗೆ ಅವನನ್ನು ನೋಡಿದರು.

"ನಿಮಗೆ ಬಾಯಿಪಾಠವೇ ಬರ್ತದಂತೆ. ಮತ್ತೆ ನನ್ನ ಪುಸ್ತಕ ಯಾಕೆ?"

"ನಾಳೆ ತೀರ್ಪು ಕೊಡುವ ಮೊದಲು ಇನ್ನೊಮ್ಮೆ ಕಣ್ಣಾಡಿಸೋಣ ಅಂತ."

"ಒಳ್ಳೇದು. ಕೊನೇ ಅಧ್ಯಾಯದ ಬಗ್ಗೆ ನಿಮ್ಮ ಅಭಿಪ್ರಾಯ ಎಂಥದು? ನನಗೆ ಯಾವತ್ತಿನಿಂದ ಯಾರ ಹತ್ರವಾದರೂ ಕೇಳಬೇಕು ಅಂತ ಇತ್ತು."

"ಅದು... ಬಹಳ ಅರ್ಥಗರ್ಭಿತ."

"ಅರ್ಥಗರ್ಭಿತ?" ಟೀಚರು ಕನ್ನಡಕ ತೆಗೆದರು.

"ಒಂದು ರೀತಿಯಲ್ಲಿ."

"ಯಾವ ರೀತಿಯಲ್ಲಿ?"

ಅವನು ಚಾದ ಲೋಟವನ್ನು ಒಮ್ಮೆಲೇ ಬಾಯಿಗೆತ್ತಿದ. ನಾಲಿಗೆ ಸುಟ್ಟಿತು. ಸುಟ್ಟದ್ದು ಒಳ್ಳೆಯದೇ ಆಯಿತು, ಮಾತಾಡುವ ಪ್ರಮೇಯ ತಪ್ಪಿತು. ಟೀಚರು ಕ್ಯಾಲೆಂಡರಿನ ಹಾಳೆಯಿಂದ ಹೊದಿಕೆ ಹಾಕಿದ ಪುಸ್ತಕವನ್ನು ಅವನ ಕೈಗಿಟ್ಟು, "ನಾಳೆ ಸಭೆಯಲ್ಲಿ ವಾಪಸು ಬೇಕು. ಮೂಲೆ ಮಡಚಬಾರದು," ಎಂದರು. ಮೆಟ್ಟಿಲಿಳಿಯುವಾಗ ಅವನ ಕಿವಿ ಬಿಸಿಯಾಗಿತ್ತು. ಆರನೇ ಕ್ಲಾಸಿನಲ್ಲಿ ಪಕ್ಕದವನ ಉತ್ತರ ನೋಡಿ ಬರೆದು, ಅವನ ಹೆಸರನ್ನೂ ಸೇರಿಸಿ ಬರೆದದ್ದು ನೆನಪಾಯಿತು.

ಕೆರೆಯ ಕಟ್ಟೆಯ ಮೇಲೆ ಭೇಲ್‌ಪುರಿಯವನ ಪಕ್ಕದಲ್ಲಿ ಕೂತು ಅವನು ಇನ್ನೂರ ಹದಿಮೂರನೇ ಪುಟ ತೆರೆದ. ಬಾಗಿಲು ತೆರೆಯಿತು. 'ಅಬ್ಬಾ! ಐತಪ್ಪನ ಮುಂದೆ ನಿಂತಿದ್ದವರು ಗಡ್ಡೆಮಾನವರು!' ವಸಂತಕುಮಾರ ಆ ಸಾಲನ್ನು ಮೂರು ಸಲ ಓದಿದ. ಗಡ್ಡೆಮಾನವರು. ಕಂದು ಬಣ್ಣದವರು, ಗುಂಡಗಿನವರು, ಮೈತುಂಬ ಕಣ್ಣುಳ್ಳವರು. ಎಂಟು ಸಾವಿರ ಮಂದಿ. ಐತಪ್ಪ ಮೊಹರು ಒತ್ತುವ ಸುತ್ತಿಗೆಯಿಂದ ಅವರನ್ನು ಹೊಡೆಯುತ್ತಾನೆ, ಮುನ್ನೂರನೇ ಹೊಡೆತಕ್ಕೆ ಸುಸ್ತಾಗುತ್ತಾನೆ, ಸೆರೆಯಾಗುತ್ತಾನೆ. ಗಡ್ಡೆಚಕ್ರವರ್ತಿಯ ತಂಗಿ ಅವನ ಮೀಸೆ ನೋಡಿ ಮೋಹಿಸುತ್ತಾಳೆ. ಅವಳಿಗೆ ಅವನು ಕಬಡ್ಡಿ ಕಲಿಸುತ್ತಾನೆ. ಜ್ವಾಲಾಮುಖಿ ಸಿಡಿಯುತ್ತದೆ. ಇನ್ನೂರ ತೊಂಬತ್ತೊಂದನೇ ಪುಟದಲ್ಲಿ ಐತಪ್ಪ ದೇಶಪ್ರೇಮದ ಮೇಲೆ ಒಂದು ಭಾಷಣ ಮಾಡಿ ಗಡ್ಡೆಲೋಕದ ಮೊದಲ ಪೋಸ್ಟ್‌ಮಾಸ್ಟರ್ ಜನರಲ್ ಆಗುತ್ತಾನೆ. ಶುಭಂ. ಸತುವಿನ ಡಬ್ಬಿ? ರಿಜಿಸ್ಟರ್ ಕಾಗದ? ಅವನು ಹಿಂದೆ ಮುಂದೆ ತಿರುವಿ ಹುಡುಕಿದ. ಲೇಖಕರು ಕಾಗದವನ್ನೇ ಮರೆತುಬಿಟ್ಟಿದ್ದರು! ಕೆರೆಯಲ್ಲಿ ಹಂಸದ ಆಕಾರದ ಪೆಡಲ್ ದೋಣಿಯಲ್ಲಿ ಒಂದು ಸಂಸಾರ ದಡ ಮುಟ್ಟಲಾಗದೆ ಗಿರಗಿರನೆ ಸುತ್ತುತ್ತಿತ್ತು, ಗಂಡ ಹೆಂಡತಿ ವಿರುದ್ಧ ದಿಕ್ಕಿಗೆ ತುಳಿಯುತ್ತಿದ್ದರು. ವಸಂತಕುಮಾರನಿಗೆ ಮೊದಲು ನಗು ಬಂತು. ಇಷ್ಟು ವರ್ಷ ಎಂಥ ಮಹಾನ್ ಅಂತ್ಯವನ್ನು ತಾನು ಕೆಡಿಸಿಟ್ಟೆನೋ ಎಂದು ಹೆದರಿ, ಗಣಪತಿಗೆ ಪ್ರತಿವರ್ಷ ಒಂದು ತೆಂಗಿನಕಾಯಿ ತಪ್ಪುಕಾಣಿಕೆ ಒಡೆದಿದ್ದ. ಆಮೇಲೆ ನಗು ನಿಂತಿತು. ಸಿನಿಮಾದವರು ತಪ್ಪೇನೂ ಮಾಡಿಲ್ಲ. ಆಲೂಗಡ್ಡೆ ಮೂಲದಲ್ಲೇ ಇದೆ. ನಾಳೆ ತಾನು ಸಹಿ ಹಾಕಬೇಕಾದ ನಿರ್ಣಯ ಸುಳ್ಳು. ಸಹಿ ಹಾಕದಿದ್ದರೆ ತಾನೇ ಸುಳ್ಳು.

ಮನೆಯಲ್ಲಿ ಹರಿಣಾಕ್ಷಿ ಅವನ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. "ನಾಳೆ ಎಲ್ಲ ಸರಿಯಾಗಿ ಹೇಳಿ ಆಯ್ತಾ," ಎಂದಳು ತುಳುವಿನಲ್ಲಿ, "ಆ ಸಿನಿಮಾದವರು ಕಾಂಚನಾಳನ್ನು ತೆಗೆದು ಬಟಾಟೆ ಹಾಕಿದರೆ ನನಗೆ ಸಹಿಸ್ಲಿಕ್ಕೆ ಆಗುದಿಲ್ಲ. ಆ ಮುದುಕಿ ಕನ್ನಡಕ ಹುಡುಕುವುದನ್ನು ನೆನೆಸಿಕೊಂಡರೆ ಈಗಲೂ ನನಗೆ ಅಳು ಬರ್ತದೆ." ಅವನು "ಹರಿಣಾಕ್ಷಿ," ಎಂದ. ಅವಳು ತಲೆಯೆತ್ತಿದಳು. ಇಸ್ತ್ರಿಯ ಹಬೆಯಲ್ಲಿ ಅವಳ ಮುಖ ಪೆಂಡಾಲಿನ ಎರಡನೇ ಸಾಲಿನ ಮುಖವಾಗಿ ಒಂದು ಕ್ಷಣ ಕಂಡಿತು. "ಕಾಲರಿಗೆ ಗಂಜಿ ಜಾಸ್ತಿ ಆಯ್ತೇನೋ," ಎಂದುಬಿಟ್ಟ.

ಭಾನುವಾರ ಕಲ್ಯಾಣದ ಮಾಲಿನ ತೆರೆಯ ಮೇಲೆ ಗಡ್ಡೆಮಾನವರು ಉರುಳಿ ಬಂದಾಗ ಕನ್ನಡ ಸಂಘದ ನಲವತ್ತು ಸೀಟುಗಳಿಂದ ಒಟ್ಟಿಗೇ 'ಥೂ' ಎಂಬ ಶಬ್ದ ಎದ್ದಿತು. ಉಳಿದ ಜನ ಶಿಳ್ಳೆ ಹಾಕುತ್ತಿದ್ದರು. ವಸಂತಕುಮಾರ ಮಾತ್ರ ಲೈಟ್ ಬಾಕ್ಸಿನ ಮುಂದೆ ಕೂತವನ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಸುತ್ತಿಗೆ ಸರಿ. ಮುನ್ನೂರನೇ ಹೊಡೆತಕ್ಕೆ ಸುಸ್ತು, ಸರಿ. ಚಕ್ರವರ್ತಿಯ ತಂಗಿ, ಮೀಸೆ, ಕಬಡ್ಡಿ, ಕಬಡ್ಡಿಯ ನಡುವೆ ಒಂದು ಹಾಡು; ಹಾಡು ಪುಸ್ತಕದಲ್ಲಿಲ್ಲ, ಉಳಿದದ್ದೆಲ್ಲ ಅಕ್ಷರಶಃ ಸರಿ. ನಿರ್ದೇಶಕ ಯಾರೋ ಮಹಾ ಶ್ರದ್ಧಾವಂತ, ಕಾಗದವನ್ನು ಮರೆಯುವುದನ್ನೂ ಮರೆತಿರಲಿಲ್ಲ. ಪಕ್ಕದಲ್ಲಿ ಹರಿಣಾಕ್ಷಿ ಪ್ರತಿಸಲ ಬಾಗಿಲು ತೆರೆದಾಗಲೂ ಕುರ್ಚಿಯ ತುದಿಗೆ ಬರುತ್ತಿದ್ದಳು, ಮುದುಕಿ ಬಂದಳೇ ಎಂದು. ಬಂದದ್ದು ಇನ್ನೊಂದು ಗಡ್ಡೆ. ದೀಪ ಹತ್ತಿದಾಗ ಅವಳ ಕೈಯಲ್ಲಿ ಕಣ್ಣೊರೆಸಲು ಸಿದ್ಧಮಾಡಿ ಇಟ್ಟುಕೊಂಡಿದ್ದ ಕರವಸ್ತ್ರ ಮಡಿಕೆ ಬಿಚ್ಚದೆ ಹಾಗೇ ಇತ್ತು. ಅದನ್ನು ನೋಡಿದಾಗ ಅವನಿಗೆ ಆದ ನಾಚಿಕೆ, ಹನ್ನೊಂದು ಭಾಷಣಗಳಲ್ಲೂ ಆಗಿರಲಿಲ್ಲ.

ಸುದರ್ಶನನ ಹೋಟೆಲಿನ ಮೇಲಿನ ಹಾಲಿನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಕೆಳಗಿನಿಂದ ಗೋಳಿಬಜೆಯ ವಾಸನೆ, ಗ್ರೈಂಡರಿನ ಗುರುಗುರು. ಸುದರ್ಶನ ಮೈಕು ತಟ್ಟಿ ನಿರ್ಣಯ ಓದಿದ: "ಮೂಲ ಕಾದಂಬರಿಯ ಹೃದಯವಾದ ಕಾಂಚನಾ ಎಂಬ ಪಾತ್ರವನ್ನು ಕಿತ್ತೊಗೆದು, ಆ ಸ್ಥಾನದಲ್ಲಿ ತರಕಾರಿಗಳನ್ನು ಪ್ರತಿಷ್ಠಾಪಿಸಿದ ಚಿತ್ರತಂಡವನ್ನು ಈ ಸಭೆ ಕಟುವಾಗಿ ಖಂಡಿಸುತ್ತದೆ." ಚಪ್ಪಾಳೆ. ಗೋಡೆ ಬದಿಯ ಕುರ್ಚಿಯಲ್ಲಿ ಜಲಜಾಕ್ಷಿ ಟೀಚರು ಮಾತ್ರ ಕೈ ಕಟ್ಟಿಕೊಂಡು ಕೂತಿದ್ದರು. "ಈಗ ವಸಂತಣ್ಣನವರ ತೀರ್ಪು."

ಅವನು ಎದ್ದು ನಿಂತ. ರಾತ್ರಿಯಿಡೀ ಹೊಸೆದ ವಾಕ್ಯಗಳು ಇದ್ದವು: ಕೃತಿಯೆಂಬುದು ಬಹುಪದರದ್ದು, ಓದು ಎಂಬುದು ಮರುಸೃಷ್ಟಿ. ಬಾಯಿ ತೆರೆಯುವಷ್ಟರಲ್ಲಿ ವಿಠಲ ಎದ್ದ. ಈಗ ಅವನು ಬಿದಿರು ಕಟ್ಟುವ ಹುಡುಗನಲ್ಲ, ಪೆಂಡಾಲಿನ ಕಂತ್ರಾಟುದಾರ, ತಲೆ ನರೆತಿತ್ತು. ಪಕ್ಕದಲ್ಲಿ ಮಗಳು ನಿಂತಿದ್ದಳು, ವಾಶಿಯ ಆಸ್ಪತ್ರೆಯೊಂದರಲ್ಲಿ ನರ್ಸು.

"ಸರ, ಒಂದ್ ಮಾತ್ರಿ," ಎಂದ ವಿಠಲ. "ಇಕೀ ನಮ್ಮ ಕಾಂಚನಾ. ಸಿನಿಮಾದಾಗ ಹೆಸರ ಬರ್ತದ ಅಂತ ಡ್ಯೂಟಿ ಬಿಟ್ಟ್ ಬಂದಾಳ್ರಿ. ಇಕಿ ಗೆಳತ್ಯಾರು ನಗಾಕತ್ಯಾರ. ಏನರ ಹೇಳ್ರಿ."

ಕಾಂಚನಾ ಮೊಬೈಲು ಎತ್ತಿ ಹಿಡಿದು ಮುಂದೆ ಬಂದಳು. "ಅಂಕಲ್, ಬಸ್ ಇತನಾ ಬತಾವೋ, ಮೇರಾ ನಾಮ್ ಕೌನ್ಸೇ ಪೇಜ್ ಪೇ ಹೈ? ಫೋಟೋ ಲೇಕೇ ಗ್ರೂಪ್ ಪೇ ಡಾಲ್ತೀ ಹೂಂ. ಸಬ್ ಕೀ ಬೋಲ್ತೀ ಬಂದ್."

ಯಾವ ಪುಟದಲ್ಲಿ ತನ್ನ ಹೆಸರು; ಫೋಟೋ ತೆಗೆದು ಗೆಳತಿಯರ ಬಾಯಿ ಮುಚ್ಚಿಸಬೇಕಂತೆ. ಮರುಸೃಷ್ಟಿ, ಬಹುಪದರ ಎಲ್ಲ ಇದ್ದಕ್ಕಿದ್ದ ಹಾಗೆ ಹೊರಟುಹೋದವು. ಅವಳ ಮೊಬೈಲಿನ ಕ್ಯಾಮೆರಾ ಅವನ ಕೈಚೀಲದ ಕಡೆಗೇ ತಿರುಗಿತ್ತು. ಅವನು ಟೀಚರ ಪುಸ್ತಕವನ್ನು ಹೊರತೆಗೆದ. ತೆಗೆದು, ಮೇಜಿನ ಮೇಲಿಟ್ಟು, "ಯಾವ ಪುಟದಲ್ಲೂ ಇಲ್ಲ ಮಗಾ," ಎಂದ. ಮೈಕು ಕೀರ್ ಎಂದಿತು. ಆಮೇಲೆ ಅವನ ಬಾಯಿಯಿಂದ ಎಲ್ಲ ಒಂದರ ಹಿಂದೆ ಒಂದು ಬಂತು: ಇನ್ನೂರ ಹನ್ನೆರಡು ಪುಟ, ತೆಂಗಿನ ಗೊಬ್ಬರ, ಮುಂಬ್ರಾದ ಗಾಡಿ. "ಬಾಗಿಲು ತೆರೆದರೆ ಒಳಗೆ ಇರುವುದು ಗಡ್ಡೆಗಳೇ. ಸಿನಿಮಾದವರು ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ತೆಗೆದಿದ್ದಾರೆ. ಕಾಂಚನಾ, ಹನ್ನೊಂದು ವರ್ಷ, ಮುದುಕಿ, ಸಹಿ, ಎಲ್ಲ ನಾನು ಅವತ್ತು ವೇದಿಕೆಯ ಮೇಲೆ ನಿಂತು ಕಟ್ಟಿದ್ದು. ತಪ್ಪಾಯ್ತು."

ಗ್ರೈಂಡರು ಕೂಡ ಆಗಲೇ ನಿಂತಿತು. ಅವನು ಹರಿಣಾಕ್ಷಿಯ ಕಡೆ ನೋಡುವ ಧೈರ್ಯ ಮಾಡಲಿಲ್ಲ.

"ಅಂದ್ರ ಆ ಹೆಸರು ನೀವ ಇಟ್ಟದ್ದ್ರಿ?" ವಿಠಲ ಕೇಳಿದ.

"ಹೌದು."

"ಎಲ್ಲಿಂದ ತಂದ್ರಿ?"

ಸುಳ್ಳು ಹೇಳಬಹುದಿತ್ತು. ಅಜ್ಜಿಯ ಹೆಸರು ಎನ್ನಬಹುದಿತ್ತು. "ಎದುರಿಗೆ ಬ್ಯಾನರು ಇತ್ತು," ಎಂದ ವಸಂತಕುಮಾರ. "ಕಾಂಚನಾ ಮಸಾಲೆ ಪುಡಿ. ಅವರೇ ಪೆಂಡಾಲಿನ ಪ್ರಾಯೋಜಕರು."

ಮೊದಲು ನಕ್ಕವಳು ಕಾಂಚನಾ. ಮೊಬೈಲು ಕೆಳಗಿಳಿಸಿ, ಗೋಡೆ ಹಿಡಿದುಕೊಂಡು ನಕ್ಕಳು. "ಮಸಾಲಾ! ಪಪ್ಪಾ, ಮೈ ಮಸಾಲಾ ಹೂಂ!" ವಿಠಲ ನಗಲಿಲ್ಲ. ಲೆಕ್ಕ ಹಾಕುವವನ ಹಾಗೆ ಬೆರಳು ಮಡಚಿ, "ಹಂಗಾರ ನಮ್ಮ ಹುಡುಗಿಗಿ ಹೆಸರಿಟ್ಟಾಂವ ನೀವ ಆದ್ರಿ," ಎಂದ. "ನಾ ಇಷ್ಟ್ ದಿನ ಯಾವನೋ ಸತ್ತ ಲೇಖಕ ಅಂತ ತಿಳದಿದ್ದೆ. ಜೀವಂತ ಇದ್ದೀರಿ, ಛಲೋ ಆತು. ಇಕೀ ಮದಿವ್ಯಾಗ ನೀವ ಮುಂದ ನಿಂದರಬೇಕ್ರಿ."

ಸುದರ್ಶನ ಕಂಗಾಲಾಗಿ ನಿರ್ಣಯದ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಖಂಡಿಸದೆ ಸಭೆ ಮುಗಿಸುವುದು ಅವನಿಗೆ ಗೊತ್ತಿರಲಿಲ್ಲ. ಕೊನೆಗೆ ಪೆನ್ನು ತೆಗೆದು 'ಚಿತ್ರತಂಡ' ಎಂಬುದನ್ನು ಹೊಡೆದುಹಾಕಿ ಓದಿದ: "ನಮ್ಮ ಸಂಘದ ವೇದಿಕೆಯಲ್ಲಿ ಹೇಳಲಾದ ಕಥೆಗೆ ವಿರುದ್ಧವಾಗಿ, ಅದಕ್ಕೆ ಇಪ್ಪತ್ತು ವರ್ಷ ಮೊದಲೇ ತರಕಾರಿಗಳನ್ನು ಬರೆದಿಟ್ಟ ಮೂಲ ಲೇಖಕರನ್ನು ಈ ಸಭೆ ಖಂಡಿಸುತ್ತದೆ." ಸಾಲುಸಾಲಾಗಿ ಕೈಗಳು ಎದ್ದವು. ಜಲಜಾಕ್ಷಿ ಟೀಚರು ಎದ್ದು, "ನನ್ನದು ವಿರೋಧ. ಸತ್ತವರನ್ನು ಬೈಯಬಾರದು. ಪುಸ್ತಕ ಕೊಡಿ," ಎಂದು ಮೇಜಿನ ಹತ್ತಿರ ಬಂದರು. ಪುಟ ತಿರುವಿ ಮೂಲೆ ಮಡಚಿಲ್ಲವೆಂದು ನೋಡಿಕೊಂಡರು. ಆಮೇಲೆ ಮೆಲ್ಲಗೆ, "ಅರ್ಥಗರ್ಭಿತ!" ಎಂದು ಅವನ ಮುಖಕ್ಕೆ ನಕ್ಕು ಹೋದರು. ಜನ ಬಂದು ಅವನ ಕೈ ಕುಲುಕುತ್ತಿದ್ದರು. ಶಾಲು ತರಲು ಯಾರೋ ಹೋದರು. ಅವನು ಹರಿಣಾಕ್ಷಿಯನ್ನು ಹುಡುಕಿದ. ಕುರ್ಚಿ ಖಾಲಿ ಇತ್ತು.

ಕಲ್ಯಾಣ ಸ್ಟೇಷನ್ನಿನ ಸೇತುವೆಯ ಮೇಲೆ ಅವಳು ಸಿಕ್ಕಿದಳು. ಜನರ ನಡುವೆ ಅವಳ ಹಸಿರು ಸೀರೆಯ ಬೆನ್ನು ಮುಂದೆ ಮುಂದೆ ಹೋಗುತ್ತಿತ್ತು. ಕರೆದ, ನಿಲ್ಲಲಿಲ್ಲ. ಬಂದ ಗಾಡಿಗೆ ಹತ್ತಿದಳು, ಅವನೂ ಹತ್ತಿದ. ಭಾನುವಾರವಾದರೂ ನಿಲ್ಲಲೂ ಜಾಗವಿರಲಿಲ್ಲ. ಯಾರದೋ ಬ್ಯಾಗು ಅವರಿಬ್ಬರ ನಡುವೆ ಇತ್ತು. ಗಾಡಿ ಹೊರಟ ಮೇಲೆ ಅವಳು ಅವನ ಕಡೆ ತಿರುಗಿದಳು. ಕಣ್ಣು ಕೆಂಪಾಗಿತ್ತು. ಮಂಗಳೂರಿನ ಬ್ಯಾಂಕಿನವನ ಮಾತು ಬರುತ್ತದೆ ಎಂದು ಅವನು ಕುತ್ತಿಗೆ ಒಡ್ಡಿಕೊಂಡು ನಿಂತ.

"ನೀವೇ ಕಟ್ಟಿದ್ದಾ ಅದು? ಪೂರ್ತಿ?"

"ಹೌದು."

"ಆ ಕನ್ನಡಕ ಹುಡುಕುವುದು?"

"ಅದೂ."

"ಥೂ ನಿಮ್ಮ," ಎಂದಳು. ಪಕ್ಕದ ನಾಲ್ಕು ಮಂದಿ ತಿರುಗಿ ನೋಡಿದರು. "ಅಷ್ಟು ಬರ್ತಿತ್ತಲ್ಲ ನಿಮಗೆ! ಮತ್ತೆ ಇಪ್ಪತ್ತೆಂಟು ವರ್ಷ ನನಗೆ ಎಂತ ಹೇಳಿದಿರಿ? ಪೇಂಟು. ಇವತ್ತು ಹಳದಿ ಜಾಸ್ತಿ ಆಯ್ತು, ನಿನ್ನೆ ನೀಲಿ ಕಮ್ಮಿ ಆಯ್ತು. ನಿಮ್ಮ ಹತ್ರ ಇರುವುದೇ ಅಷ್ಟು, ಪಾಪ, ಒಳ್ಳೆಯದೆಲ್ಲ ಆ ಪುಸ್ತಕದವರದ್ದು ಅಂತ ನಾನೂ ಸುಮ್ಮನಿದ್ದೆ. ಇಟ್ಟುಕೊಂಡು ಕೊಡದೇ ಇದ್ದಿರಲ್ಲ!"

ಬೈಗುಳಕ್ಕೆ ಅವನು ಸಿದ್ಧನಾಗಿದ್ದ, ಈ ಬೈಗುಳಕ್ಕಲ್ಲ. ಇರಲಿಲ್ಲ, ಎನ್ನಬೇಕೆಂದುಕೊಂಡ. ಅವತ್ತು ಹೇಗೋ ಬಂತು, ಆಮೇಲೆ ಬಂದಿಲ್ಲ. ಆದರೆ ಬಂದಿಲ್ಲವೋ, ಬಂದದ್ದನ್ನು ಮುಟ್ಟಲು ಹೆದರಿದನೋ? ಇನ್ನೊಂದು ಕಥೆ ಹೇಳಿದರೆ ಮೊದಲನೆಯದರ ಕೈವಾಡ ಯಾರದೆಂದು ಸಿಕ್ಕಿಬೀಳುತ್ತೇನೆ ಎಂದು, ಎಷ್ಟೋ ಸಂಜೆ ಬಾಗಿಲಲ್ಲಿ ಚಪ್ಪಲಿ ಕಳಚುವಾಗ ಬಾಯಿಗೆ ಬಂದದ್ದನ್ನು ನುಂಗಿ, ಹಳದಿ ಜಾಸ್ತಿ ಆಯ್ತು ಎಂದಿದ್ದ. ಠಾಕುರ್ಲಿ ಸ್ಟೇಷನ್ನು ದಾಟಿತು.

"ಹೇಳಿ ಈಗ," ಎಂದಳು.

"ಎಂತ?"

"ಎಂತದಾದರೂ. ಯಾರದೂ ಪುಸ್ತಕದ್ದು ಬೇಡ."

"ಇಲ್ಲಿಯಾ? ಗಾಡಿಯಲ್ಲಿ?"

"ಮುನ್ನೂರು ಜನರ ಮುಂದೆ ಹೇಳಿದ್ದೀರಿ, ಇಲ್ಲಿ ಎಂತ ನಾಚಿಕೆ?"

ಅವನು ಸುತ್ತ ನೋಡಿದ. ಬೆವರು, ಬ್ಯಾಗುಗಳು, ಹಿಡಿಕೆಗೆ ಜೋತುಬಿದ್ದ ಕೈಗಳು. "ಒಬ್ಬಳು ಹೆಂಗಸು ಇದ್ದಳು," ಎಂದು ಶುರುಮಾಡಿದ. "ಅವಳು ದಿನಾ ಒಂದೇ ಗಾಡಿಗೆ ಬರುತ್ತಿದ್ದಳು. ಒಂದು ದಿನ ಅವಳ ಪಕ್ಕದಲ್ಲಿ ಒಂದು ಖಾಲಿ ಸೀಟು..."

"ಖಾಲಿ ಸೀಟು? ಈ ಲೈನಿನಲ್ಲಿ?"

"ವೈಜ್ಞಾನಿಕ ಕಥೆ," ಎಂದ ಅವನು.

ಅವಳಿಗೆ ನಗು ಬಂತು. ಬಂದದ್ದಕ್ಕೆ ಸಿಟ್ಟೂ ಬಂದು ಮುಖ ತಿರುಗಿಸಿದಳು. ಅಷ್ಟರಲ್ಲಿ ಡೊಂಬಿವ್ಲಿ ಬಂತು. ಇಳಿಯುವವರ ನೂಕಿನಲ್ಲಿ ಅವಳು ಎತ್ತಿ ಹಾಕಿದ ಹಾಗೆ ಪ್ಲಾಟ್‌ಫಾರ್ಮಿಗೆ ಬಿದ್ದಳು. ಅವನು ಒಂದು ಹೆಜ್ಜೆ ಹಿಂದಿದ್ದ. ಆ ಒಂದು ಹೆಜ್ಜೆಯಲ್ಲಿ ಹತ್ತುವವರು ನುಗ್ಗಿ ಅವನನ್ನು ಎದುರಿನ ಬಾಗಿಲವರೆಗೆ ಒಯ್ದುಬಿಟ್ಟರು. ತಲೆಗಳ ನಡುವೆ ಹಸಿರು ಸೀರೆ ಕಂಡಿತು, ಜಾರಿತು. ಕಿಸೆಯಲ್ಲಿ ಫೋನು ಹೊಡೆದುಕೊಂಡಿತು. ಮೊಣಕೈಗಳ ಮಧ್ಯೆ ಅದನ್ನು ಕಿವಿಯವರೆಗೆ ತರುವಷ್ಟರಲ್ಲಿ ಗಾಡಿ ವೇಗ ಹಿಡಿದಿತ್ತು.

"ಎಲ್ಲಿದ್ದೀರಿ?"

"ಒಳಗೇ ಉಳಿದೆ. ಮುಂದಿನ ಸ್ಟೇಷನ್ನು ಕೋಪರಿನಲ್ಲಿ ಇಳಿದು ವಾಪಸು ಬರ್ತೇನೆ."

"ಅದು ಇರಲಿ. ಆ ಸೀಟಿನಲ್ಲಿ ಯಾರು ಕೂತರು?"

ಅವನು ಫೋನಿನಲ್ಲಿ ತುಳುವಿನಲ್ಲಿ ಹೇಳತೊಡಗಿದ. ಅವನ ಎದೆಗೆ ಎದೆ ಒತ್ತಿ ನಿಂತಿದ್ದ ಅಪರಿಚಿತನೊಬ್ಬ ಭಾಷೆ ತಿಳಿಯದಿದ್ದರೂ ಗಂಭೀರವಾಗಿ ಕೇಳುತ್ತಿದ್ದ. ಕೋಪರಿನಲ್ಲಿ ಇಳಿದ. ಕಥೆ ಅಷ್ಟೇನೂ ಚೆನ್ನಾಗಿ ಬರುತ್ತಿರಲಿಲ್ಲ. ಅವಳು ಎರಡು ಕಡೆ ತಿದ್ದಿದಳು, ಒಂದು ಕಡೆ "ಇದು ಸುಳ್ಳು, ಹೆಂಗಸರು ಹಾಗೆ ಮಾಡುವುದಿಲ್ಲ," ಎಂದು ಬೈದಳು. ಅವನು ಸೇತುವೆ ದಾಟಿ ಆ ಕಡೆಯ ಬೆಂಚಿನ ಮೇಲೆ ಕೂತ. ಡೊಂಬಿವ್ಲಿಗೆ ಹೋಗುವ ಗಾಡಿ ಬಂತು. ಕಥೆಯ ಹೆಂಗಸು ಆಗಷ್ಟೇ ಸೀಟಿನಲ್ಲಿ ಕೂತವನನ್ನು ಮಾತಾಡಿಸುವುದರಲ್ಲಿದ್ದಳು. ಅವನು ಆ ಗಾಡಿಯನ್ನು ಬಿಟ್ಟ; ಅದರ ಹಿಂದಿನದನ್ನೂ ಬಿಟ್ಟ.